ಮೊಮ್ಮಗು ಬಂದಿದೆ, ಕಾರ್ಡಿನಲ್ಲಿ ಏನು ಬರೆಯೋದು?

ಮಗು ಹುಟ್ಟಿದ ಸುದ್ದಿ ಬಂದು, ಫೋಟೊ ಬಂದು, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೂವು, ಕೇಕು, ಕೈಮುಗಿದ ಚಿತ್ರ ಎಲ್ಲ ಮುಗಿದಿರುತ್ತದೆ. ಅಷ್ಟಾದ ಮೇಲೂ ಅಜ್ಜಿಗೆ ಸಮಾಧಾನ ಇರುವುದಿಲ್ಲ. ಕೈಯಲ್ಲೇ ಬರೆದ ಒಂದು ಕಾರ್ಡ್ ಕಳಿಸಬೇಕು ಅಂತ ಆಸೆ. ಆದರೆ ಪೆನ್ನು ಹಿಡಿದು ಕೂತರೆ "ದೇವರು ಒಳ್ಳೇದು ಮಾಡಲಿ" ಅನ್ನುವಲ್ಲಿಗೆ ಗಾಡಿ ನಿಂತುಬಿಡುತ್ತದೆ.

ಕಾಸರಗೋಡಿನ ನಮ್ಮ ಕಡೆ ಈ ಕಷ್ಟ ಸ್ವಲ್ಪ ಜಾಸ್ತಿ. ಬೇಳ, ಕಯ್ಯಾರು, ಉಕ್ಕಿನಡ್ಕ, ವರ್ಕಾಡಿ, ಮಂಜೇಶ್ವರ, ಹೀಗೆ ಯಾವ ಇಗರ್ಜಿಯ (ಚರ್ಚಿನ) ಸುತ್ತ ನೋಡಿದರೂ ಮನೆಯೊಳಗೆ ಕೊಂಕಣಿ ಅಥವಾ ತುಳು, ಹಿರಿಯರು ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಗೆ ಹೋದರೆ ಮಲಯಾಳ. ಮಕ್ಕಳು ದುಬೈ, ಕುವೈತ್, ಬೆಂಗಳೂರು ಅಂತ ಹಂಚಿಹೋಗಿದ್ದಾರೆ. ಇಲ್ಲಿನ ಅಂಗಡಿಯಲ್ಲಿ ಸಿಗುವ ಕಾರ್ಡ್ ಹೆಚ್ಚಾಗಿ ಇಂಗ್ಲಿಷಿನದು, ಇಲ್ಲವೇ ಮಲಯಾಳದ್ದು. ಕನ್ನಡದ ಕ್ರೈಸ್ತ ಕಾರ್ಡೇ ಬೇಕೆಂದರೆ ಮಂಗಳೂರಿಗೆ ರೈಲು ಹತ್ತಬೇಕು. ನನ್ನ ಕೇಳಿದರೆ ಹತ್ತಬೇಡಿ. ಒಳಗೆ ಏನೂ ಅಚ್ಚಾಗದ ಖಾಲಿ ಕಾರ್ಡ್ ತನ್ನಿ. ಯಾರೋ ಬರೆದ ಚಂದದ ಸಾಲಿನ ಕೆಳಗೆ ಸಹಿ ಹಾಕಿ ಕಳಿಸುವ ಕೆಲಸ ಅಂಚೆಯವರೂ ಮಾಡಬಹುದು. ಅಜ್ಜ ಅಜ್ಜಿ ಮಾತ್ರ ಬರೆಯಬಲ್ಲ ನಾಲ್ಕು ಸಾಲು ಇರುತ್ತವೆ. ಅವು ಬೇಕು.

ಕನ್ನಡ ಮಾಷ್ಟ್ರು ಅಂತ ನೆರೆಕರೆಯವರು ನನ್ನ ಹತ್ತಿರ ಇಂಥ ಕಾರ್ಡ್ ಬರೆಸಿಕೊಳ್ಳಲು ಬರುತ್ತಾರೆ. ಬಂದವರಿಗೆ ಹೇಳುವುದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಓದುವವರು ಯಾರು ಅಂತ ತೀರ್ಮಾನ ಮಾಡಿ

ಕಾರ್ಡ್ ಮಗುವಿಗೋ, ಮಗುವಿನ ಅಪ್ಪ ಅಮ್ಮನಿಗೋ? ಎರಡನ್ನೂ ಸೇರಿಸಿ ಬರೆಯಲು ಹೋದರೆ ಒಂದು ಸಾಲು "ಕಂದಾ" ಅಂತ ಶುರುವಾಗಿ ಮುಂದಿನದು "ನೀವಿಬ್ಬರೂ ಆರೋಗ್ಯ ನೋಡಿಕೊಳ್ಳಿ" ಅಂತ ಮುಗಿಯುತ್ತದೆ.

ಅಜ್ಜ ಅಜ್ಜಿಯ ಕಾರ್ಡ್ ಮಗುವಿನ ಹೆಸರಿಗೇ ಇರಲಿ. ಮಗು ಅದನ್ನು ಓದುವುದು ಹತ್ತೋ ಹದಿನೈದೋ ವರ್ಷ ಕಳೆದ ಮೇಲೆ. ಆಗ ಅದಕ್ಕೆ "ಹಾರ್ದಿಕ ಶುಭಾಶಯಗಳು" ಅನ್ನುವ ಸಾಲಿನಿಂದ ಏನೂ ಸಿಗುವುದಿಲ್ಲ. ತಾನು ಹುಟ್ಟಿದ ದಿನ ಕಾಸರಗೋಡಿನ ಆ ಮನೆಯಲ್ಲಿ ಏನಾಗುತ್ತಿತ್ತು, ಯಾರು ಏನಂದರು, ತನಗಾಗಿ ಏನು ಬೇಡಿಕೊಂಡರು, ಇದು ಗೊತ್ತಾದರೆ ಕಾರ್ಡನ್ನು ಎತ್ತಿಡುತ್ತದೆ.

ಆದರೆ ಇವತ್ತು ಅದನ್ನು ಓದುವುದು ಮಗುವಿನ ತಾಯಿ. ನಿದ್ದೆಗೆಟ್ಟು, ಹೊಲಿಗೆಯ ನೋವಿನಲ್ಲಿ, ಮಗುವನ್ನು ಎದೆಗಿಟ್ಟುಕೊಂಡು ಓದುತ್ತಾಳೆ. ಹಾಗಾಗಿ ಮಗುವಿಗೆ ಬರೆಯುವಾಗಲೂ ಅವಳ ಕಣ್ಣಲ್ಲಿ ಒಮ್ಮೆ ಓದಿ ನೋಡಬೇಕು. ಅಪ್ಪ ಅಮ್ಮನಿಗೆ ಬುದ್ಧಿ ಹೇಳಬೇಕು, ಎಣ್ಣೆ ಸ್ನಾನದ ಕ್ರಮ ಹೇಳಬೇಕು ಅನಿಸಿದರೆ ಬೇರೆ ಹಾಳೆಯಲ್ಲಿ ಬರೆಯಿರಿ. ಫೋನಿನಲ್ಲಿ ಹೇಳಿದರೆ ಇನ್ನೂ ಒಳ್ಳೇದು.

ಎರಡನೆಯದು, ಸಾಮಗ್ರಿ ಕೂಡಿಸಿ

ಕಾರ್ಡಿಗೆ ಕೈ ಹಾಕುವ ಮೊದಲು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿಕೊಳ್ಳಿ. ಮಗು ಹುಟ್ಟಿದ ತಾರೀಕು, ವಾರ, ಹೊತ್ತು, ಊರು, ತೂಕ. ಯಾರು ಫೋನ್ ಮಾಡಿದ್ದು? ಆಗ ನೀವು ಏನು ಮಾಡುತ್ತಿದ್ದಿರಿ? ಹೊರಗೆ ಮಳೆಯೋ ಬಿಸಿಲೋ? ಸುದ್ದಿ ಕೇಳಿ ಮೊದಲು ಬಾಯಿಂದ ಬಂದ ಮಾತೇನು?

ಒಬ್ಬರು ಅಜ್ಜಿ ಬಂದಿದ್ದರು. "ಏನು ಬೇಕಾದರೂ ಬರೆಯಿರಿ ಮಾಷ್ಟ್ರೇ, ನನಗೆ ಬರೆಯಲಿಕ್ಕೆ ಎಂತದೂ ಇಲ್ಲ" ಅಂದರು. ಫೋನ್ ಬಂದಾಗ ಎಲ್ಲಿದ್ದಿರಿ ಅಂತ ಕೇಳಿದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರಂತೆ. ಕೈಯೆಲ್ಲ ಕಲೆ. ಫೋನ್ ಮುಟ್ಟಲಾಗದೆ ಪಕ್ಕದ ಮನೆಯ ಹುಡುಗ ಸ್ಪೀಕರ್ ಹಾಕಿ ಹಿಡಿದನಂತೆ. ಆ ಕಡೆಯಿಂದ ಮಗನ ಮಾತಿಗಿಂತ ಮೊದಲು ಮಗುವಿನ ಅಳುವೇ ಕೇಳಿತಂತೆ. "ಅಷ್ಟು ದೊಡ್ಡ ಸ್ವರ! ನಮ್ಮ ಇಗರ್ಜಿಯಲ್ಲಿ ಹಾಡಲಿಕ್ಕೆ ಒಂದು ಜನ ಆಯಿತು ಅಂತ ಹೇಳಿದೆ" ಅಂತ ನಕ್ಕರು. ಕಾರ್ಡಿನಲ್ಲಿ ಬರೆದದ್ದು ಅದನ್ನೇ. ಅವರ ಮಾತನ್ನೇ ಸ್ವಲ್ಪ ನೇರ ಮಾಡಿ ಇಟ್ಟರೆ ಸಾಕಾಯಿತು.

ಮನೆತನದ ಒಂದು ಸಂಗತಿಯೂ ಸೇರಲಿ. ಮುತ್ತಜ್ಜನ ಮದುವೆ ಯಾವ ಇಗರ್ಜಿಯಲ್ಲಾಯಿತು, ಮಗುವಿನ ಅಪ್ಪ ಚಿಕ್ಕವನಿದ್ದಾಗ ಎಲ್ಲಿ ಪೂಜೆಗೆ ಸೇವೆ ಮಾಡುತ್ತಿದ್ದ, ಇಂಥದ್ದು. ಬೇಳದ ಇಗರ್ಜಿ 1890ರದ್ದು. ಅಷ್ಟು ಹಳೇ ಗೋಡೆಗಳ ನಡುವೆ ಒಂದೇ ಮನೆಯ ನಾಲ್ಕೈದು ತಲೆಮಾರಿನ ಹೆಸರು ಬರೆಸಿಕೊಂಡವರಿದ್ದಾರೆ. ದುಬೈಯಲ್ಲಿ ಬೆಳೆಯುವ ಮಗುವಿಗೆ ಇದನ್ನು ಹೇಳುವವರು ಬೇರೆ ಯಾರು?

ಹೆಸರಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ನಮ್ಮ ಕೊಂಕಣಿ ಕಥೋಲಿಕ ಮನೆಗಳಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ಪದ್ಧತಿ ಹಿಂದಿನಿಂದಲೂ ಇದೆ. ಈಗಿನವರು ಅದನ್ನು ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ಹೆಸರಾಗಿ ಇಟ್ಟು ಕರೆಯಲು ಬೇರೆ ಹೆಸರಿಡುವುದುಂಟು, ಪೂರ್ತಿ ಬಿಡುವುದೂ ಉಂಟು. ಬೈಬಲಿನಲ್ಲಿ ಲೂಕನ ಮೊದಲ ಅಧ್ಯಾಯ ನೆನಪಿದೆ ಅಲ್ವಾ? ನೆಂಟರಿಷ್ಟರೆಲ್ಲ ಸೇರಿ ಮಗುವಿಗೆ ಅಪ್ಪನ ಹೆಸರನ್ನೇ ಇಡಲು ಹೊರಟರು. ತಾಯಿ ಎಲಿಸಬೇತ ಬೇಡ ಅಂದಳು. ಮಾತು ನಿಂತುಹೋಗಿದ್ದ ಮುದುಕ ಜೆಕರೀಯ ಹಲಗೆ ತರಿಸಿ ಯೋಹಾನ ಅಂತ ಬರೆದ. ಅವನು ಬರೆದದ್ದು ತಾಯಿ ಹೇಳಿದ ಹೆಸರನ್ನೇ. ನೀವೂ ಅಪ್ಪ ಅಮ್ಮ ಹೇಳಿದ ಹೆಸರನ್ನು, ಅವರು ಬರೆಯುವ ಕಾಗುಣಿತದಲ್ಲೇ ಬರೆಯಿರಿ. ಹೆಸರು ಇನ್ನೂ ನಿಶ್ಚಯ ಆಗದಿದ್ದರೆ "ನಮ್ಮ ಮುದ್ದು ಪುಳ್ಳಿಗೆ" ಸಾಕು, ಪುಳ್ಳಿ ಅಂದರೆ ಮೊಮ್ಮಗು.

ಬೈಬಲಿನ ವಚನ ಆರಿಸುವುದು

ಜಾಸ್ತಿ ಹೊತ್ತು ಇಲ್ಲೇ ಕಳೆಯಬೇಕು. ಹೆಚ್ಚಿನವರು ಕೀರ್ತನೆ 127:3 ಬರೆದು ಕೈತೊಳೆದುಕೊಳ್ಳುತ್ತಾರೆ. ಮಕ್ಕಳು ದೇವರು ಕೊಟ್ಟ ಸ್ವಾಸ್ಥ್ಯ (ಬಳುವಳಿ) ಅನ್ನುವ ವಚನ. ಒಳ್ಳೆಯದೇ. ಆದರೆ ಅದರ ಮುಂದಿನ ಸಾಲುಗಳಲ್ಲಿ ಬತ್ತಳಿಕೆ ತುಂಬ ಬಾಣ ಇದ್ದವನು, ಅಂದರೆ ತುಂಬ ಮಕ್ಕಳಿದ್ದವನು, ಧನ್ಯ ಅಂತ ಬರುತ್ತದೆ. ಮೊದಲ ಹೆರಿಗೆಯಿಂದ ಎದ್ದವಳಿಗೆ ಆ ಭಾಗ ಬೇಡ. ಮೂರನೇ ವಚನಕ್ಕೇ ನಿಲ್ಲಿಸಿ.

ಅಜ್ಜ ಅಜ್ಜಿಯರಿಗೆ ಅಂತಲೇ ಬೈಬಲಿನಲ್ಲಿ ಬೇರೆ ಜಾಗಗಳಿವೆ. ಅವನ್ನು ಯಾಕೋ ಯಾರೂ ಮುಟ್ಟುವುದಿಲ್ಲ.

ಆದಿಕಾಂಡ 48 ನೋಡಿ. ಯಾಕೋಬನಿಗೆ ವಯಸ್ಸಾಗಿ ಕಣ್ಣು ಮಂಜಾಗಿದೆ. ಸತ್ತೇ ಹೋದ ಅಂದುಕೊಂಡಿದ್ದ ಮಗ ಯೋಸೇಫ ತನ್ನ ಇಬ್ಬರು ಮಕ್ಕಳನ್ನು ಹತ್ತಿರ ತರುತ್ತಾನೆ. ನಿನ್ನ ಮುಖ ನೋಡುತ್ತೇನೆ ಅಂತಲೇ ಎಣಿಸಿರಲಿಲ್ಲ, ದೇವರು ನಿನ್ನ ಮಕ್ಕಳನ್ನೂ ತೋರಿಸಿದ ಅಂತ ಮುದುಕ ಹೇಳುತ್ತಾನೆ. ಅದು 11ನೇ ವಚನ. 15 ಮತ್ತು 16ರಲ್ಲಿ ತನ್ನನ್ನು ಜೀವಮಾನವೆಲ್ಲ ಕುರುಬನಂತೆ ಕಾದ ದೇವರು ಈ ಹುಡುಗರನ್ನು ಆಶೀರ್ವದಿಸಲಿ ಅನ್ನುತ್ತಾನೆ. ದೊಡ್ಡ ಕಾಯಿಲೆಯಿಂದ ಎದ್ದ ಅಜ್ಜ, ಮಗನನ್ನು ವರ್ಷಗಟ್ಟಲೆ ನೋಡದ ಅಜ್ಜ, ಇಂಥವರಿಗೆ ಇದಕ್ಕಿಂತ ಒಪ್ಪುವ ಮಾತು ಸಿಗಲಿಕ್ಕಿಲ್ಲ.

ಅಜ್ಜಿಯರಿಗೆ 2 ತಿಮೊಥೆಯ 1:5. ತಿಮೊಥೆಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತು ಅಂತ ಪೌಲ ನೆನಪಿಸಿಕೊಳ್ಳುತ್ತಾನೆ. ಇದು ತಾಯಿಯ ಕಡೆಯ ಅಜ್ಜಿ ಬರೆದರೆ ಚಂದ. ಮಗಳ ಹೆಸರೂ ಅದರಲ್ಲಿ ಸೇರಿಕೊಳ್ಳುತ್ತದೆ.

ಗಂಡನನ್ನು ಕಳೆದುಕೊಂಡು ಒಂಟಿಯಾಗಿರುವ ಅಜ್ಜಿಗೆ ರೂತಳು 4:14ರಿಂದ 16. ಎಲ್ಲ ಕಳೆದುಕೊಂಡ ನೊವೊಮಿಯ ಮಡಿಲಿಗೆ ಸೊಸೆ ರೂತಳ ಮಗು ಬರುತ್ತದೆ. ಊರ ಹೆಂಗಸರು ಸೇರಿ ದೇವರನ್ನು ಕೊಂಡಾಡುತ್ತಾರೆ. ಸೊಸೆಯನ್ನು ಏಳು ಗಂಡುಮಕ್ಕಳಿಗಿಂತ ಮೇಲು ಅಂತ ಹೊಗಳುವ ಮಾತೂ ಅಲ್ಲೇ ಇದೆ. ಅತ್ತೆ ಸೊಸೆಗೆ ಬರೆಯಬಹುದಾದ ಇಂಥ ವಚನ ಕೈಯಲ್ಲಿದ್ದೂ ಬಿಡುವುದು ಯಾಕೆ?

ಸಣ್ಣದು ಸಾಕು ಅನ್ನುವವರಿಗೆ ಜ್ಞಾನೋಕ್ತಿ 17:6, ಮೊಮ್ಮಕ್ಕಳು ಮುದುಕರ ಕಿರೀಟ ಅನ್ನುವುದು. ತುಸು ತಮಾಷೆಗೂ ಒದಗುತ್ತದೆ. ಎಲ್ಲರಿಗೂ ಹೊಂದುವುದು ಅರಣ್ಯಕಾಂಡ 6:24ರಿಂದ 26, ಆರೋನನ ಆಶೀರ್ವಾದ. ದೇವರು ಕಾಯಲಿ, ಮುಖ ಪ್ರಸನ್ನವಾಗಲಿ, ಶಾಂತಿ ಕೊಡಲಿ ಅಂತ ಮೂರೇ ವಚನ. ಸಭೆಯ (ಕ್ರೈಸ್ತ ಪಂಗಡದ) ಭೇದ ಇಲ್ಲದೆ ಎಲ್ಲರೂ ಕೇಳಿ ಗೊತ್ತಿರುವ ಮಾತು. ನನಗೆ ತುಂಬಾ ಇಷ್ಟವಾದದ್ದು ಚೆಫನ್ಯ 3:17. ದೇವರು ಸಂತೋಷದಿಂದ ಹಾಡುತ್ತಾನೆ ಅಂತ ಬರುವ ಜಾಗ ಅದು. ಹಸುಗೂಸಿನ ಕಾರ್ಡಿಗೆ ಹಾಡುವ ದೇವರಿಗಿಂತ ಬೇರೆ ಏನು ಬೇಕು?

ಎರಡು ವಚನಗಳನ್ನು ನೋಡಿಕೊಂಡು ಬಳಸಿ. ಹನ್ನಳ ಮಾತು, 1 ಸಮುವೇಲ 1:27, ಈ ಮಗುವಿಗಾಗಿಯೇ ಬೇಡಿಕೊಂಡೆ ಅನ್ನುವುದು. ಬಹಳ ವರ್ಷ ಕಾದು ಮಗುವಾದ ಮನೆಗೆ ಅದು ಸರಿ. ಆದರೆ ಆ ಕಾಯುವಿಕೆಯ ಬಗ್ಗೆ ಎಲ್ಲರೆದುರು ಮಾತು ಬೇಡ ಅನ್ನುವ ದಂಪತಿಗೆ ಅದು ಚುಚ್ಚುತ್ತದೆ. ಇನ್ನೊಂದು ಜ್ಞಾನೋಕ್ತಿ 22:6, ಮಗುವನ್ನು ನಡೆಯಬೇಕಾದ ದಾರಿಯಲ್ಲಿ ಶಿಕ್ಷಿಸು ಅನ್ನುವುದು. ಅದು ಹೆತ್ತವರಿಗೆ ಹೇಳಿದ ಪಾಠ. ಮೂರು ದಿನದ ಮಗುವಿನ ಕಾರ್ಡಿನಲ್ಲಿ ಅದನ್ನು ನೋಡಿದರೆ "ನಮಗೆ ಬೆಳೆಸಲು ಬರುವುದಿಲ್ಲ ಅಂತ ಈಗಲೇ ಹೇಳುತ್ತಿದ್ದಾರೆ" ಅಂತ ಅನಿಸುತ್ತದೆ.

ವಚನ ನೆನಪಿನಿಂದ ಬರೆಯಬೇಡಿ. ಪೂರ್ತಿ ಬೈಬಲ್ ಕನ್ನಡಕ್ಕೆ ಬಂದು ಹೆಚ್ಚುಕಡಿಮೆ ಇನ್ನೂರು ವರ್ಷವಾಯಿತು. 1831ರ ಹೊತ್ತಿಗೇ ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಬೇರೆ ಬೇರೆ ಅನುವಾದಗಳಾಗಿವೆ. ಅಜ್ಜಿ ಬಾಯಿಪಾಠ ಮಾಡಿದ್ದು ಒಂದು, ಸೊಸೆಯ ಕೈಯಲ್ಲಿರುವುದು ಇನ್ನೊಂದು. ಪುಸ್ತಕ ತೆರೆದು, ಅಲ್ಲಿದ್ದ ಹಾಗೇ ನಕಲು ಮಾಡಿ, ಅಧ್ಯಾಯ ಮತ್ತು ವಚನದ ಸಂಖ್ಯೆ ಹಾಕಿ. ಹಳೇ ಕಥೋಲಿಕ ಪುಸ್ತಕಗಳಲ್ಲಿ ಬಹುಪಾಲು ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರುತ್ತದೆ. 127 ಅಲ್ಲಿ 126. ಮಗು ದೊಡ್ಡದಾಗಿ ಹುಡುಕುವಾಗ ತಪ್ಪಬಾರದು ಅಂತ ಈಗಿನ ಸಂಖ್ಯೆಯನ್ನೇ ಕೊಡಿ. ವಚನ ಒಂದೇ ಸಾಕು. ಮೂರು ವಚನ ತುಂಬಿಸಿದರೆ ಅಜ್ಜಿಗೆ ಜಾಗವೇ ಉಳಿಯುವುದಿಲ್ಲ.

ಯಾರ ಸಭೆ, ಯಾವ ಮಾತು

ಪ್ರಾಟೆಸ್ಟಂಟರ ಸತ್ಯವೇದದಲ್ಲಿ "ಯೆಹೋವ" ಅಂತ ಇರುವ ಕಡೆ ಕಥೋಲಿಕರು ಓದುವ ಅನುವಾದದಲ್ಲಿ "ಸರ್ವೇಶ್ವರ" ಅಂತ ಇರುತ್ತದೆ. ಮಗ ಒಂದು ಸಭೆ, ಸೊಸೆ ಇನ್ನೊಂದು ಸಭೆಯಾಗಿದ್ದರೆ ನಿಮ್ಮ ಮಾತಿನಲ್ಲಿ "ದೇವರು" ಅಂತಲೇ ಬರೆಯಿರಿ. ಯಾರಿಗೂ ಅಡ್ಡಿಯಿಲ್ಲ.

ಕಥೋಲಿಕ ಮನೆಗೆ ಮಾತೆಯ ಹೆಸರು, ಪೋಷಕ ಸಂತರ ಹೆಸರು ಸೇರಿಸಬಹುದು. ಮಗು ಹುಟ್ಟಿದ್ದು ಯಾವ ಸಂತರ ಹಬ್ಬದ ದಿನ ಅಂತ ಇಗರ್ಜಿಯ ಕ್ಯಾಲೆಂಡರ್ ನೋಡಿ. ಜುಲೈ 26 ಆದರಂತೂ ಅಜ್ಜ ಅಜ್ಜಿಗೇ ಸೇರಿದ ದಿನ, ಮರಿಯಮ್ಮನ ಅಪ್ಪ ಅಮ್ಮ ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬ. ಆ ಹಬ್ಬಕ್ಕೆ ಹತ್ತಿರ ಅಂತಲೇ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಆಗಿನ ಪೋಪ್ ಫ್ರಾನ್ಸಿಸ್ 2021ರಿಂದ ಅಜ್ಜ ಅಜ್ಜಿಯರ ದಿನವಾಗಿ ಮಾಡಿದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬದ) ಹೊತ್ತಿಗೆ ಹುಟ್ಟಿದ ಮಗುವಾದರೆ ಬರೆಯಲು ಯೋಚನೆಯೇ ಬೇಡ. ಇಲ್ಲಿ ಮಕ್ಕಳು ಒಂಬತ್ತು ದಿನ ಹೂವು ಹಾಕಿದ್ದು, ಹೊಸ ತೆನೆ ಮನೆಗೆ ಬಂದದ್ದು, ಮುಂದಿನ ಸಲ ಬುಟ್ಟಿ ಹಿಡಿಯಲು ಒಬ್ಬಳು ಹೆಚ್ಚಾದದ್ದು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆಯವರಿಗೆ ಸಂತರ ಮಾತು ಒಗ್ಗುವುದಿಲ್ಲ. ಅವರಿಗೆ ವಚನ ಮತ್ತು ಪ್ರಾರ್ಥನೆ ಸಾಕು. ದೀಕ್ಷಾಸ್ನಾನದ ಮಾತು ಎತ್ತುವಾಗಲೂ ಎಚ್ಚರ. ಕಥೋಲಿಕರಲ್ಲೂ ಸಿಎಸ್‌ಐಯಲ್ಲೂ ಹಸುಗೂಸಿಗೆ ಕೊಡುತ್ತಾರೆ. ಪೆಂತೆಕೊಸ್ತು ಸಭೆಗಳಲ್ಲಿ ಮಗುವನ್ನು ದೇವರಿಗೆ ಒಪ್ಪಿಸಿ ಪ್ರಾರ್ಥಿಸುತ್ತಾರೆ, ದೀಕ್ಷಾಸ್ನಾನ ಬೆಳೆದ ಮೇಲೆ. ಕಥೋಲಿಕ ನಿಯಮದಲ್ಲಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಕೊಡಿಸಬೇಕು ಅಂತ ಇದೆ. ಆದರೆ ಗಲ್ಫಿನವರು ರಜೆ ಸಿಕ್ಕಿ ಊರಿಗೆ ಬಂದ ಮೇಲೆ ಅಂತ ಮುಂದೆ ಹಾಕುತ್ತಾರೆ. ಅಜ್ಜಿಗೆ ಸಿಟ್ಟು ಬರುವುದು ಸಹಜ. ಕಾರ್ಡಿನಲ್ಲಿ ಮಾತ್ರ ಆ ಸಿಟ್ಟು ಬೇಡ.

ಭಾಷೆ ಸಾದಾ ಇರಲಿ. "ಕೃಪಾಸಾಗರನಾದ ಪರಮಪಿತನ ದಿವ್ಯಾನುಗ್ರಹ" ಅಂತೆಲ್ಲ ಶುರು ಮಾಡಿದರೆ ಪ್ರಸಂಗ ಆಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನದ ಮೇಲೆ "ಗೊಲ್ಗೊಥಾ" ಅಂತ ಖಂಡಕಾವ್ಯವನ್ನೇ ಬರೆದವರು. ಆ ಬಿಗಿ ಕನ್ನಡ ಕಾವ್ಯಕ್ಕೆ ಸರಿ. ಮೊಮ್ಮಗುವಿನ ಹತ್ತಿರ ನೀವು ಹಾಗೆ ಮಾತಾಡುವುದಿಲ್ಲ ಅಲ್ವಾ?

ಈಗ ಬರೆಯೋಣ

ಮಗುವನ್ನು ಕರೆಯುವುದು, ಆ ದಿನದ ಒಂದು ಸಂಗತಿ, ದೇವರಿಗೆ ಒಂದು ಸಾಲು ವಂದನೆ, ವಚನದ ಎಳೆ ಹಿಡಿದು ಒಂದು ಆಶೀರ್ವಾದ, ಸಹಿ. ಇದೇ ಕ್ರಮ ಇರಬೇಕು ಅಂತೇನಿಲ್ಲ, ಆದರೆ ದಾರಿ ತಪ್ಪಿದವರಿಗೆ ಇದು ಕೈಮರ. ನಲವತ್ತರಿಂದ ಅರವತ್ತು ಪದ ಸಾಕು. ಒಂದು ಮಾದರಿ (ತೇರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ):

"ಮುದ್ದು ಕಂದಾ, ನೀನು ಹುಟ್ಟಿದ ಸುದ್ದಿ ಬಂದಾಗ ಇಲ್ಲಿ ಜೋರು ಮಳೆ. ಕರೆಂಟ್ ಇರಲಿಲ್ಲ. ಮೇಣದಬತ್ತಿ ಹಚ್ಚಿ ಆಗಷ್ಟೇ ತೇರ್ಸ್ ಶುರು ಮಾಡಿದ್ದೆವು. ಆವತ್ತಿನ ತೇರ್ಸ್ ಪೂರ್ತಿ ನಿನ್ನ ಲೆಕ್ಕಕ್ಕೇ ಹೋಯಿತು. ನಿನ್ನನ್ನು ಕಾಯುವ ದೇವರು ತೂಕಡಿಸುವುದಿಲ್ಲವಂತೆ (ಕೀರ್ತನೆ 121). ನಿನ್ನ ಅಪ್ಪ ಅಮ್ಮ ತೂಕಡಿಸುವ ರಾತ್ರಿಗಳಲ್ಲಿ ಆತನೇ ನಿಮ್ಮ ಮೂವರನ್ನೂ ನೋಡಿಕೊಳ್ಳಲಿ. ಪ್ರೀತಿಯ ಅಜ್ಜ, ಅಜ್ಜಿ."

ಯಾಕೋಬನ ಮಾತು ಹಿಡಿದ ಅಜ್ಜನೊಬ್ಬ ಬರೆಯುವುದಾದರೆ:

"ಪುಟ್ಟಾ, ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿನ್ನ ಅಪ್ಪನ ಮುಖ ನೋಡಿದರೆ ಸಾಕು ಅಂತ ಬೇಡಿಕೊಂಡಿದ್ದೆ. ದೇವರು ನಿನ್ನ ಮುಖವನ್ನೂ ತೋರಿಸಿದ. ನಾನು ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟ. ನನ್ನನ್ನು ಇಷ್ಟು ದೂರ ನಡೆಸಿದವನು ನಿನ್ನ ಕೈಯನ್ನೂ ಬಿಡದಿರಲಿ. ನಿನ್ನ ಅಜ್ಜ."

ಎರಡರಲ್ಲೂ ವಚನದ ಅರ್ಥ ಮಾತಿನೊಳಗೇ ಕರಗಿದೆ. ಪೂರ್ತಿ ವಚನ ಬೇಕು ಅನ್ನುವವರು ಕಾರ್ಡಿನ ಎಡಬದಿಯ ಖಾಲಿ ಪುಟದಲ್ಲಿ ಅದನ್ನು ಬಿಡಿಯಾಗಿ ಬರೆಯಬಹುದು.

ಮಗು ಕನ್ನಡ ಓದಲಿಕ್ಕಿಲ್ಲ ಅನ್ನುವ ಚಿಂತೆ ಇಲ್ಲಿ ಪ್ರತಿ ಮನೆಯಲ್ಲೂ ಇದೆ. ನನ್ನ ಅಭಿಪ್ರಾಯ, ಕನ್ನಡದಲ್ಲೇ ಬರೆಯಿರಿ. ಮನೆಮಾತು ಕೊಂಕಣಿಯಾದರೆ ಕನ್ನಡ ಅಕ್ಷರದಲ್ಲಿ ಕೊಂಕಣಿಯನ್ನೇ ಬರೆಯಿರಿ. ನಿಮಗೆ ಬಾರದ ಇಂಗ್ಲಿಷಿನಲ್ಲಿ ಯಾರದೋ ಕೈಯಲ್ಲಿ ಬರೆಸಿದ್ದಕ್ಕಿಂತ ಅದು ಮೇಲು. ಬರೆದಾದ ಮೇಲೆ ಅದನ್ನೇ ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಅಕ್ಷರ ಬಾರದಿದ್ದರೂ ಸ್ವರ ಗೊತ್ತಾಗುತ್ತದೆ. ಬೀಗರು ಕಣ್ಣೂರು ಕಡೆಯ ಮಲಯಾಳಿಗಳಾದರೆ ಅವರನ್ನೂ ಒಂದು ಸಾಲಿನಲ್ಲಿ ಸೇರಿಸಿ. "ಅಲ್ಲಿನ ಅಜ್ಜ ಅಜ್ಜಿ, ಇಲ್ಲಿನ ಅಜ್ಜ ಅಜ್ಜಿ, ನಾಲ್ವರೂ ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ" ಅಂದರೆ ಎರಡೂ ಮನೆಗೆ ಖುಷಿ.

ಕಷ್ಟದ ಸಂದರ್ಭಗಳು

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ ಐಸಿಯುವಿನಲ್ಲಿದ್ದರೆ ಅಭಿನಂದನೆಯ ಬಲೂನು ಕಾರ್ಡ್ ಬೇಡ. ಹಾಗಂತ ಸುಮ್ನೆ ಕೂರುವುದೂ ಸರಿಯಲ್ಲ, ಮಗು ಬಂದೇ ಇಲ್ಲ ಅನ್ನುವ ಹಾಗಾಗುತ್ತದೆ. "ಎಲ್ಲ ದೇವರ ಚಿತ್ತ", "ದೇವರು ಪರೀಕ್ಷೆ ಮಾಡುತ್ತಾನೆ" ಇವೆರಡನ್ನೂ ಬರೆಯಬೇಡಿ. ಗಾಜಿನಾಚೆ ನಿಂತ ತಾಯಿಗೆ ಅದು ಸಮಾಧಾನ ಕೊಡುವುದಿಲ್ಲ. ಯೆಶಾಯ 49:16 ಇಲ್ಲಿ ಒದಗುತ್ತದೆ. ನಿನ್ನನ್ನು ನನ್ನ ಅಂಗೈಯಲ್ಲೇ ಕೆತ್ತಿಕೊಂಡಿದ್ದೇನೆ ಅಂತ ದೇವರು ಹೇಳುವ ಮಾತು. "ಕಂದಾ, ಅಂಗೈಯಷ್ಟೇ ಇದ್ದೀಯಂತೆ. ದೇವರ ಅಂಗೈಯಲ್ಲಿ ನಿನ್ನ ಹೆಸರಿದೆ. ಬೆಳಿಗ್ಗೆ ಸಂಜೆ ನಿನ್ನನ್ನೂ ನಿನ್ನ ಅಮ್ಮನನ್ನೂ ಅಲ್ಲಿಗೇ ಒಪ್ಪಿಸುತ್ತಿದ್ದೇವೆ." ಇಷ್ಟೇ. ಗುಣವಾಗಿಯೇ ಆಗುತ್ತದೆ ಅಂತ ದೇವರ ಪರವಾಗಿ ಭಾಷೆ ಕೊಡಬೇಡಿ.

ಎರಡನೆಯದೂ ಹೆಣ್ಣಾದರೆ "ಮುಂದಿನದು ಗಂಡಾಗಲಿ" ಅನ್ನುವ ಮಾತು ಕಾರ್ಡಿನಲ್ಲೂ ಬೇಡ, ಬಾಯಲ್ಲೂ ಬೇಡ. "ಹೆಣ್ಣಾದರೂ ಪರವಾಗಿಲ್ಲ" ಅನ್ನುವುದು ಅದಕ್ಕಿಂತ ಕೆಟ್ಟದ್ದು. ಬಣ್ಣ, ಮೂಗು, ಯಾರ ಹಾಗಿದೆ ಅನ್ನುವ ಪಂಚಾಯಿತಿಯೂ ಬೇಡ. ಮಗು ದೊಡ್ಡದಾಗಿ ಓದುತ್ತದೆ ಅನ್ನುವುದು ನೆನಪಿರಲಿ.

ದತ್ತು ಬಂದ ಮಗುವಿಗೆ ಗರ್ಭದ ಮಾತಿರುವ ವಚನಗಳು ಬೇಡ. 127:3 ಕೂಡ ಬೇಡ, ಅಲ್ಲಿ ಗರ್ಭಫಲದ ಮಾತಿದೆ. ಮಾರ್ಕ 10:16 ಚಂದ. ಯೇಸು ಮಕ್ಕಳನ್ನು ಅಪ್ಪಿಕೊಂಡು ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದ ಕಡೆ ಅದು. ಹಿಂದೆ ಒಂದು ಮಗುವನ್ನು ಕಳೆದುಕೊಂಡ ಮನೆಯಾದರೆ ಆ ಮಾತನ್ನು ನೀವಾಗಿ ಎತ್ತಬೇಡಿ. ತಾಯಿ ತಾನೇ ಆ ಹೆಸರು ಹೇಳುವವಳಾದರೆ ಮಾತ್ರ "ಮೇಲಿರುವ ನಿನ್ನ ಅಣ್ಣನೂ ನಿನ್ನನ್ನು ನೋಡುತ್ತಿರಲಿ" ಅನ್ನುವ ಸಾಲು ಸಲ್ಲುತ್ತದೆ.

ಸೊಸೆ ಅಥವಾ ಅಳಿಯ ಹಿಂದೂ ಮನೆಯವರಾದರೆ? ಇಂಥ ಮನೆಗಳು ಈಗ ಕಡಿಮೆಯೇನಿಲ್ಲ. ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಕಾಗಿಲ್ಲ. ನಾನು ಪ್ರಾರ್ಥಿಸುತ್ತೇನೆ ಅಂತ ನಿಮ್ಮ ಬಗ್ಗೆ ಬರೆಯಿರಿ. ನೀನು ಹೀಗೆ ನಂಬಬೇಕು ಅಂತ ಮಗುವಿನ ಬಗ್ಗೆ ಬರೆಯಬೇಡಿ. "ನಮ್ಮ ಮನೆಯ ಪದ್ಧತಿಯಂತೆ ನಿನ್ನ ಹಣೆಗೆ ಶಿಲುಬೆಯ ಗುರುತು ಮಾಡಿ ಮುತ್ತು ಕೊಡುವ ಆಸೆ ಅಜ್ಜಿಗೆ. ಬಂದಾಗ ಕೊಡುತ್ತೇನೆ" ಅಂತ ಬರೆದರೆ ಯಾರ ಮನಸ್ಸೂ ನೋಯುವುದಿಲ್ಲ, ಅಪ್ಪ ಅಮ್ಮ ಒಪ್ಪುತ್ತಾರೆ ಅಂತ ಗೊತ್ತಿದ್ದರೆ.

ಹೊಸದಾಗಿ ಅಜ್ಜಿಯಾದ ಗೆಳತಿಗೆ ನೀವು ಬರೆಯುವ ಕಾರ್ಡ್ ಬೇರೆ. ಅಲ್ಲಿ ಸಲುಗೆ ಇರಲಿ. "ಅಂತೂ ಕಿರೀಟ ಬಂತು ನಿನಗೆ, ಜ್ಞಾನೋಕ್ತಿ 17:6 ನೋಡು. ಇನ್ನು ಮೇಲೆ ಸಂಘದ ಸಭೆಗೆ ತಡವಾಗಿ ಬಂದರೆ ಕಾರಣ ಕೇಳುವುದಿಲ್ಲ. ಮಗುವನ್ನೂ ತಾಯಿಯನ್ನೂ ದೇವರು ಚೆನ್ನಾಗಿಟ್ಟಿರಲಿ" ಅಂದರೆ ಮುಗಿಯಿತು.

ಅಕ್ಷರ, ಪೆನ್ನು, ಸಹಿ

ಮೊದಲು ರಫ್ ಹಾಳೆಯಲ್ಲಿ ಬರೆದು ಕಾಗುಣಿತ ನೋಡಿ. ಸರಿಯಾದದ್ದು "ಆಶೀರ್ವಾದ". ಹತ್ತರಲ್ಲಿ ನಾಲ್ಕು ಜನ "ಆರ್ಶೀವಾದ" ಅಂತ ಬರೆಯುತ್ತಾರೆ, ಬ್ಯಾನರಿನಲ್ಲೂ ಹಾಗೇ ಇರುತ್ತದೆ. "ಶುಭಾಶಯ" ಸರಿ, "ಶುಭಾಷಯ" ತಪ್ಪು. "ಪ್ರಾರ್ಥನೆ"ಯಲ್ಲಿ ಅರ್ಕಾವತ್ತು ಬಿಟ್ಟುಹೋಗುತ್ತದೆ. "ಹಾರ್ದಿಕ"ದಲ್ಲಿ ಮಹಾಪ್ರಾಣ ಇಲ್ಲ.

ಕಂಪ್ಯೂಟರಿನಲ್ಲಿ ಮಾಡಿಸುವುದಾದರೆ ಇನ್ನೂ ಹುಷಾರು. ಕಾಸರಗೋಡು ಪೇಟೆಯಲ್ಲಿ ಕನ್ನಡ ಓದಲು ಬಾರದ ಆಪರೇಟರುಗಳೂ ಇರುತ್ತಾರೆ. ವಾಟ್ಸಾಪಿನಿಂದ ನಕಲು ಮಾಡಿ ಅಂಟಿಸಿದಾಗ ಕೆಲವು ಫಾಂಟುಗಳಲ್ಲಿ ಒತ್ತಕ್ಷರ ಒಡೆದು "ಕ್ರಿಸ್ತ" ಅನ್ನುವುದು "ಕ್‌ರಿಸ್‌ತ" ಆಗುತ್ತದೆ. ಅವರಿಗೆ ಅದು ತಪ್ಪು ಅಂತ ಗೊತ್ತಾಗುವುದಿಲ್ಲ. ಮುದ್ರಿಸುವ ಮೊದಲು ಪರದೆಯ ಮೇಲೆ ನೀವೇ ಒಂದೊಂದು ಅಕ್ಷರ ನೋಡಿ.

ಕನ್ನಡಕ್ಕೆ ಸಾಲಿನ ನಡುವೆ ಜಾಗ ಜಾಸ್ತಿ ಬೇಕು, ಒತ್ತು ಕೆಳಗಿಳಿಯುತ್ತದೆ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಎಳೆದುಕೊಂಡು ಒಣಗಿದ ಮೇಲೆ ಅಳಿಸಿ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಜೂನ್, ಜುಲೈಯಲ್ಲಿ ಬರೆಯುವವರು ಜೆಲ್ ಪೆನ್ನು, ಶಾಯಿ ಪೆನ್ನು ಬಿಟ್ಟು ಬಾಲ್ ಪೆನ್ನು ಹಿಡಿಯಿರಿ. ನುಣುಪು ಹೊಳಪಿನ ಕಾಗದದಲ್ಲಿ ಶಾಯಿ ಹರಡುತ್ತದೆ, ಒರಟು ಕಾಗದ ಒಳ್ಳೇದು. ಕೈ ನಡುಗುವವರು ಒಳಗಿನದನ್ನು ಬೇರೆಯವರಿಂದ ಬರೆಸಿದರೂ ಕೊನೆಯ ಸಾಲು ಮತ್ತು ಸಹಿ ತಾವೇ ಹಾಕಿ. ನಡುಗಿದ ಅಕ್ಷರವೇ ಆ ಕಾರ್ಡಿನ ಬೆಲೆ.

"ಅಜ್ಜ, ಅಜ್ಜಿ" ಅಂತಷ್ಟೇ ಬರೆದು ಬಿಡಬೇಡಿ. ಕೆಳಗೆ ಇಬ್ಬರ ಪೂರ್ತಿ ಹೆಸರು, ಊರು, ತಾರೀಕು ಇಸವಿ ಸಮೇತ ಹಾಕಿ. ಮುಂದೆ ಓದುವವರಿಗೆ ಇದು ಯಾವ ಕಡೆಯ ಅಜ್ಜಿ ಅಂತ ಗೊತ್ತಾಗಬೇಕಲ್ಲ.

ಕಳಿಸುವುದು

ಊರೊಳಗೇ ಅಥವಾ ಬೆಂಗಳೂರಿಗಾದರೆ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಅಂಚೆ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗಿದೆ, ಕೌಂಟರಿನಲ್ಲಿ ಹಳೇ ಹೆಸರು ಹೇಳಿ ಗೊಂದಲ ಮಾಡಿಕೊಳ್ಳಬೇಡಿ. ಯುಎಇಗೆ ಕಳಿಸುವವರು ಫ್ಲ್ಯಾಟಿನ ನಂಬರ್ ಬರೆದರೆ ಸಾಲದು. ಅಲ್ಲಿ ಅಂಚೆ ನಡೆಯುವುದು ಪಿ.ಒ. ಬಾಕ್ಸ್ ಸಂಖ್ಯೆಯ ಮೇಲೆ. ಹೆಚ್ಚಾಗಿ ಅದು ಮಗನ ಕಂಪನಿಯ ಬಾಕ್ಸ್ ಆಗಿರುತ್ತದೆ, ಅವನನ್ನೇ ಕೇಳಿ. ಲಕೋಟೆಯ ಮೇಲೆ ವಿಳಾಸ ಇಂಗ್ಲಿಷಿನಲ್ಲಿ, ಮೊಬೈಲ್ ನಂಬರ್ ಸಮೇತ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವ ನೆರೆಯವರಿದ್ದರೆ ಅವರ ಕೈಯಲ್ಲಿ ಕೊಡುವುದೇ ಬೇಗ.

ಮೊಂತಿ ಹಬ್ಬದ ತೆನೆಯ ಒಂದು ಕಾಳು, ಗರಿಗಳ ಭಾನುವಾರದ ಒಣ ಗರಿ ಒಳಗಿಡುವ ಆಸೆ ತುಂಬಾ ಜನರಿಗೆ. ಭಾರತದೊಳಗೆ ಇಡಿ. ಹೊರದೇಶಕ್ಕೆ ಬೇಡ, ಅದರಲ್ಲೂ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಬೀಜ, ಎಲೆ, ಗರಿಗಳ ತಪಾಸಣೆ ಬಲು ಬಿಗಿ. ಕಾಳಿಗಾಗಿ ಕಾರ್ಡೇ ಹೋಗದಿದ್ದರೆ ಕಷ್ಟ. ತೆನೆಯ ಫೋಟೊ ತೆಗೆದು ಇಟ್ಟರಾಯಿತು. ಲಕೋಟೆ ಅಂಟಿಸುವ ಮೊದಲು ಕಾರ್ಡಿನ ಎರಡೂ ಪುಟದ ಫೋಟೊ ಒಂದು ತೆಗೆದಿಟ್ಟುಕೊಳ್ಳಿ.